ಆರು ಪಂಪು, ಎರಡು ಜೋಡಿ ಕೈ

ಸೈಕಲ್ಲಿಗೆ ಗಾಳಿ ಹಾಕುವ ಕೈಪಂಪಿನ ಡಬ್ಬಿಯ ಮೇಲೆ ‘120 ಪಿಎಸ್‌ಐ’ ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ; ಅದು ಗಾಳಿಯ ಒತ್ತಡದ ಅಳತೆ. ಯಾರ ಕೈಗೆ 120 ಎಂಬುದನ್ನು ಮಾತ್ರ ಎಲ್ಲಿಯೂ ಬರೆದಿರುವುದಿಲ್ಲ. ನನಗೆ 46 ವರ್ಷ, ತೂಕ 54 ಕಿಲೋ, ಹೊಟ್ಟೆಪಾಡು ಕಂಪ್ಯೂಟರಿನ ಮುಂದೆ. ಅಕ್ಕನ ಮಗ ಇಲ್ಲೇ ಪುಣೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನದು 78 ಕಿಲೋ, ಜಿಮ್ಮಿನಲ್ಲಿ ಬೆಳೆಸಿದ ತೋಳು. ಒಂದೇ ಪಂಪನ್ನು ಒಂದೇ ಟ್ಯೂಬಿಗೆ ಹಚ್ಚಿ ಇಬ್ಬರೂ ಒತ್ತಿದರೆ ಬರುವ ಅಂಕಿ ಬೇರೆ ಬೇರೆ. ಈ ಸರಳ ಸಂಗತಿ ತಿಳಿಯುವುದಕ್ಕೆ ನನಗೆ ಒಂದು ಮಳೆಗಾಲ, ನಾಲ್ಕು ಟ್ಯೂಬು ಮತ್ತು ಒಂದು ಹಾಲಿನ ಟೆಂಪೊ ಬೇಕಾದವು.

ಹಾಲಿನ ಟೆಂಪೊದಿಂದಲೇ ಶುರು ಮಾಡುತ್ತೇನೆ. ಜುಲೈ ತಿಂಗಳ ಒಂದು ಭಾನುವಾರ ಪುಣೆಯ ಕೋಥ್ರೂಡಿನಿಂದ ಸೈಕಲ್ಲಿನಲ್ಲಿ ಹೊರಟು, ಖಡಕ್‌ವಾಸ್ಲಾ ಜಲಾಶಯದ ದಂಡೆ ದಾಟಿ, ಪಾನ್‌ಶೇತ್ ರಸ್ತೆಯಲ್ಲಿ ಖಾನಾಪುರದ ಹತ್ತಿರ ಬಂದಿದ್ದೆವು. ಬೆಳಗಾವಿಯ ಖಾನಾಪುರವಲ್ಲ, ಇಲ್ಲಿಯದು. ಮೊದಲ ಸಲ ನಾಮಫಲಕ ಕಂಡಾಗ ನನಗೂ ಒಂದು ಕ್ಷಣ ಊರ ಹತ್ತಿರ ಬಂದ ಹಾಗಾಗಿತ್ತು. ಜಿಟಿಜಿಟಿ ಮಳೆ. ಹಿಂದಿನ ಟೈರಿನ ಗಾಳಿ ಇಳಿಯಿತು. ಗಾಜಿನ ಚೂರು ಸಿಕ್ಕಿತು, ತೆಗೆದೆವು, ಹೊಸ ಟ್ಯೂಬು ಹಾಕಿದೆವು. ಪಂಪು ತೆಗೆದೆ. ಅಂಗಡಿಯವನು ‘ಒಂದೇ ಒತ್ತಿಗೆ ಹೆಚ್ಚು ಗಾಳಿ ಕೊಡುತ್ತದೆ, ಹೆಂಗಸರಿಗೆ ಇದೇ ಸುಲಭ’ ಎಂದು ಕೊಟ್ಟಿದ್ದ ದಪ್ಪ ಪಂಪು ಅದು. ಮೊದಲ ಮೂವತ್ತು ಒತ್ತು ಬೆಣ್ಣೆಯಲ್ಲಿ ಚಾಕು ಹಾಕಿದಂತೆ ಹೋದವು. ನಲವತ್ತು ದಾಟುವ ಹೊತ್ತಿಗೆ ಪಂಪು ಗೋಡೆಯಂತೆ ನಿಂತಿತು. ಹೆಬ್ಬೆರಳಿನಿಂದ ಟೈರು ಒತ್ತಿ ನೋಡಿದೆ, ಕಲ್ಲಿನ ಹಾಗಿತ್ತು. ಸಾಕು ಅಂದುಕೊಂಡು ಹೊರಟೆ. ಎರಡು ಕಿಲೋಮೀಟರ್ ಹೋಗುವುದರೊಳಗೆ ನೀರಿನಲ್ಲಿ ಮುಳುಗಿದ್ದ ಒಂದು ಗುಂಡಿಯ ಅಂಚು ರಿಮ್ಮಿಗೆ ಬಡಿಯಿತು. ಬಿಚ್ಚಿ ನೋಡಿದರೆ ಟ್ಯೂಬಿನಲ್ಲಿ ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತು. ಗಾಳಿ ಕಡಿಮೆಯಿದ್ದಾಗ ರಿಮ್ಮಿಗೂ ರಸ್ತೆಗೂ ನಡುವೆ ಟ್ಯೂಬು ಸಿಕ್ಕಿ ಹೀಗಾಗುತ್ತದೆ. ಮುಂದಿನದು ಹಾಲಿನ ಕ್ಯಾನುಗಳ ನಡುವಿನ ಪ್ರಯಾಣ.

ಹೆಬ್ಬೆರಳು ಸುಳ್ಳು ಹೇಳುತ್ತದೆ ಎಂಬುದು ಆ ದಿನದ ಮೊದಲ ಪಾಠ. 25 ಮಿಲಿಮೀಟರಿನ ತೆಳು ಟೈರು 45 ಪಿಎಸ್‌ಐಗೇ ಬೆರಳಿಗೆ ಗಟ್ಟಿಯಾಗಿ ತೋರುತ್ತದೆ. ನನ್ನ ತೂಕಕ್ಕೆ ಹಿಂದಿನ ಚಕ್ರದಲ್ಲಿ ಬೇಕಾದದ್ದು 75ರ ಸುಮಾರು. ನಡುವಿನ ಆ 30 ಪಿಎಸ್‌ಐ ಹೆಬ್ಬೆರಳಿಗೆ ಗೊತ್ತಾಗುವುದಿಲ್ಲ, ಗುಂಡಿಗೆ ಗೊತ್ತಾಗುತ್ತದೆ.

ಎರಡನೆಯ ಪಾಠವನ್ನು ಹುಡುಗ ಹೇಳಿಕೊಟ್ಟ. ‘ಮಾವಶಿ, ಇದು ಎಂಟನೆಯ ತರಗತಿಯ ಭೌತಶಾಸ್ತ್ರ’ ಎಂದು ಶುರು ಮಾಡಿದ. (ಧಾರವಾಡದ ಕಡೆ ಚಿಕ್ಕಮ್ಮನನ್ನು ಹೀಗೆ ಕರೆಯುತ್ತೇವೆ. ಪುಣೆಯಲ್ಲಿ ಮನೆಗೆಲಸಕ್ಕೆ ಬರುವವರನ್ನೂ ಹೀಗೆಯೇ ಕರೆಯುತ್ತಾರೆ. ಅವನು ಜನರ ಮಧ್ಯೆ ಕೂಗಿದರೆ ನಾಲ್ಕು ಜನ ತಿರುಗಿ ನೋಡುತ್ತಾರೆ.) ಟೈರಿನೊಳಗಿನ ಒತ್ತಡವನ್ನು ಪಿಸ್ಟನ್ನಿನ ಅಡ್ಡಳತೆಯ ವಿಸ್ತೀರ್ಣದಿಂದ ಗುಣಿಸಿದರೆ ಕೈಯಿಂದ ಹಾಕಬೇಕಾದ ಬಲ ಸಿಗುತ್ತದೆ. 75 ಪಿಎಸ್‌ಐ ಎಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 5.3 ಕಿಲೋ. ನನ್ನ ದಪ್ಪ ಪಂಪಿನ ಪಿಸ್ಟನ್ನಿನ ವ್ಯಾಸ 30 ಮಿಲಿಮೀಟರ್, ವಿಸ್ತೀರ್ಣ ಏಳು ಚದರ ಸೆಂಟಿಮೀಟರ್. ಅಂದರೆ ಕೊನೆಯ ಒತ್ತುಗಳಿಗೆ ತಲಾ 37 ಕಿಲೋ ಬಲ ಬೇಕು. 20 ಮಿಲಿಮೀಟರಿನ ಪಂಪಿಗಾದರೆ ಹದಿನಾರು, ಹದಿನೇಳು ಕಿಲೋ ಸಾಕು. ರಸ್ತೆ ಬದಿಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಎರಡು ಕೈಯ ನಡುವೆ 37 ಕಿಲೋ ಒತ್ತುವುದು ನನ್ನಿಂದ ಸಾಧ್ಯವಿಲ್ಲ. ಅಂಗಡಿಯವನ ‘ಸುಲಭ’ದ ಪಂಪು ದಪ್ಪ ಟೈರಿನ ಗುಡ್ಡಗಾಡು ಸೈಕಲ್ಲಿಗೆ ಮಾಡಿದ್ದು. ಆ ಟೈರಿಗೆ ಗಾಳಿ ಬಹಳ ಬೇಕು, ಒತ್ತಡ ಕಡಿಮೆ ಸಾಕು. ತೆಳು ಟೈರಿನ ನಮ್ಮ ಸೈಕಲ್ಲಿನ, ಅಂದರೆ ರೋಡ್ ಬೈಕಿನ ಕಥೆ ಇದಕ್ಕೆ ತಿರುಗಾಮುರುಗಾ.

ಆಮೇಲೆ ನಾವಿಬ್ಬರೂ ಪಂತ ಕಟ್ಟಿದವರ ಹಾಗೆ ಪಂಪುಗಳ ಬೆನ್ನು ಹತ್ತಿದೆವು. ಕೆಲವನ್ನು ಕೊಂಡೆ, ಎರಡನ್ನು ಭಾನುವಾರದ ಗುಂಪಿನವರಿಂದ ಕಡ ತಂದೆ. ಮನೆಯ ಬಾಲ್ಕನಿಯಲ್ಲಿ ಒಂದೇ ಚಕ್ರ, ಒಂದೇ 25 ಮಿಲಿಮೀಟರಿನ ಟೈರು, ವಾಲ್ವಿಗೆ ಹಚ್ಚಿ ನೋಡುವ ಒಂದು ಡಿಜಿಟಲ್ ಮಾಪಕ, ಹಳೆಯ ಲೆಕ್ಕದ ಪುಸ್ತಕ. ಪ್ರತಿ ಸಲ ಟ್ಯೂಬನ್ನು ಪೂರ್ತಿ ಖಾಲಿ ಮಾಡಿ, ಎಣಿಸುತ್ತಾ ಒತ್ತುವುದು. ಬಾಲ್ಕನಿಯಲ್ಲಿ ಗೆದ್ದವುಗಳನ್ನು ಮಾತ್ರ ರಸ್ತೆಗೆ ಒಯ್ಯುವುದು. ಕಂಪನಿಗಳ ಹೆಸರು ಬರೆಯುತ್ತಿಲ್ಲ. ಹೆಚ್ಚುಕಡಿಮೆ ಒಂದೇ ಪಂಪು ನಾಲ್ಕು ಹೆಸರಿನಲ್ಲಿ ಮಾರಾಟಕ್ಕಿರುತ್ತದೆ. ವ್ಯಾಸ, ಉದ್ದ, ಮೂತಿಯ ಬಗೆ ಗೊತ್ತಿದ್ದರೆ ಹೆಸರಿನ ಹಂಗಿಲ್ಲ.

ದಪ್ಪ ಪಂಪಿನ ಅಂಕಿಯನ್ನು ಮೊದಲು ಮುಗಿಸಿಬಿಡುತ್ತೇನೆ. ನಾನು 45 ಪಿಎಸ್‌ಐಗೆ ನಿಂತೆ. ಹುಡುಗ ಹಲ್ಲು ಕಚ್ಚಿ 65ಕ್ಕೆ ಒಯ್ದ, ಆಮೇಲೆ ಅಂಗೈ ನೋಡಿಕೊಂಡ. ಡಬ್ಬಿಯ ಮೇಲಿದ್ದದ್ದು 100.

ಇದರ ತದ್ವಿರುದ್ಧ ಬೆರಳುದ್ದದ ಪಂಪು. ನಿಜವಾಗಿ 16 ಸೆಂಟಿಮೀಟರ್, 85 ಗ್ರಾಂ. ಜೆರ್ಸಿಯ ಹಿಂದಿನ ಜೇಬಿನಲ್ಲಿ ಬಾಳೆಹಣ್ಣಿನ ಪಕ್ಕ ಮಲಗುತ್ತದೆ. ಪಿಸ್ಟನ್ನು 16 ಮಿಲಿಮೀಟರ್ ಮಾತ್ರ, ಆದ್ದರಿಂದ ಒತ್ತುವುದಕ್ಕೆ ಬಲವೇ ಬೇಡ. ಆದರೆ ಒಂದೊಂದು ಒತ್ತಿಗೆ ಹೋಗುವುದು ಎರಡೂಮುಕ್ಕಾಲು ಚಮಚದಷ್ಟು ಗಾಳಿ. 25 ಮಿಲಿಮೀಟರಿನ ಟೈರಿನೊಳಗೆ ಸುಮಾರು ಒಂದು ಲೀಟರ್ ಜಾಗ. ಅದನ್ನು 75 ಪಿಎಸ್‌ಐಗೆ ತರಬೇಕಾದರೆ ಹೊರಗಿನ ಗಾಳಿಯನ್ನು ಆರು ಲೀಟರಿನಷ್ಟು ಒಳಗೆ ತುರುಕಬೇಕು. ಚಮಚದಿಂದ ಬಾವಿ ತುಂಬುವ ಕೆಲಸ. ನೂರು ಒತ್ತಿಗೆ ಟೈರು ಸೆಟೆದು ನಿಲ್ಲುವುದೂ ಇಲ್ಲ. 380 ಒತ್ತಿಗೆ 44 ಪಿಎಸ್‌ಐ ಬಂತು, ನನ್ನ ತಾಳ್ಮೆ ಅಲ್ಲಿಗೆ ತೀರಿತು. ಹುಡುಗ ಹಾಡು ಹಾಕಿಕೊಂಡು 570ರವರೆಗೆ ಹೋಗಿ 72 ಮುಟ್ಟಿಸಿದ. ಆ ಹೊತ್ತಿಗೆ ಪಂಪಿನ ತುದಿ ಮುಟ್ಟಲಾಗದಷ್ಟು ಬಿಸಿಯಾಗಿತ್ತು.

ಆದರೆ ಇದರ ದೊಡ್ಡ ದೋಷ ನಿಧಾನವಲ್ಲ. ಇದಕ್ಕೆ ಕೊಳವೆಯಿಲ್ಲ, ಪಂಪಿನ ಬಾಯಿಯೇ ನೇರವಾಗಿ ವಾಲ್ವಿಗೆ ಕೂರುತ್ತದೆ. ರೋಡ್ ಬೈಕಿನ ವಾಲ್ವು ನಮ್ಮ ಅಪ್ಪಂದಿರ ಸೈಕಲ್ಲಿನ ವಾಲ್‌ಟ್ಯೂಬಿನ ವಾಲ್ವಿನಂತಲ್ಲ, ಮೋಟಾರು ಗಾಡಿಯ ಗಟ್ಟಿ ವಾಲ್ವಿನಂತೆಯೂ ಅಲ್ಲ. ಪ್ರೆಸ್ಟಾ ಎನ್ನುವ ಇದು ಪೆನ್ಸಿಲ್ಲಿನಷ್ಟು ತೆಳು, ತುದಿಯಲ್ಲಿ ಬಿಚ್ಚಿ ಮುಚ್ಚುವ ಪುಟ್ಟ ತಿರುಪು. ದಣಿದ ಕೈ ಮುನ್ನೂರನೆಯ ಒತ್ತಿನಲ್ಲಿ ನೆಟ್ಟಗೆ ಹೋಗುವುದಿಲ್ಲ, ಓಲಾಡುತ್ತದೆ. ಓಲಾಡಿದಷ್ಟೂ ವಾಲ್ವಿನ ಬುಡ ಹರಿಯುತ್ತದೆ. ನಾನು ಹಾಳು ಮಾಡಿದ ನಾಲ್ಕು ಟ್ಯೂಬುಗಳಲ್ಲಿ ಎರಡಕ್ಕೆ ಪಂಕ್ಚರ್ ಆಗಿರಲಿಲ್ಲ. ಒಂದರ ವಾಲ್ವಿನ ಬುಡ ಹರಿದಿತ್ತು, ಇನ್ನೊಂದರ ತಿರುಪು ಬಾಗಿ ಮುರಿದಿತ್ತು. ಇಂಥ ಪಂಪನ್ನೇ ಬಳಸಬೇಕಾದವರು ಎಡಗೈಯ ಮುಷ್ಟಿಯಲ್ಲಿ ಪಂಪಿನ ಮೂತಿಯನ್ನೂ ಪಕ್ಕದ ಕಡ್ಡಿಯನ್ನೂ ಸೇರಿಸಿ ಹಿಡಿಯಿರಿ, ಹೆಬ್ಬೆರಳನ್ನು ಟೈರಿನ ಮೇಲಿಂದ ಹಾಕಿ ಬಿಗಿ ಮಾಡಿ, ಮೊಣಕೈಯನ್ನು ತೊಡೆಗೆ ಆನಿಸಿ. ಹುಡುಗನಿಗೆ ಇದು ಒಂದೇ ಸಲಕ್ಕೆ ಬಂತು. ನನ್ನ ಮುಷ್ಟಿ ಅಷ್ಟು ದೊಡ್ಡದಲ್ಲ.

ಮೂರನೆಯದು ಕೊಳವೆಯ ಪಂಪು. 22 ಸೆಂಟಿಮೀಟರ್ ಉದ್ದ, 130 ಗ್ರಾಂ, ಅಲ್ಯೂಮಿನಿಯಂ ಮೈ. ಹಿಡಿಕೆಯೊಳಗೆ ಗೇಣುದ್ದದ ರಬ್ಬರ್ ಕೊಳವೆ ಅಡಗಿರುತ್ತದೆ. ಹೊರಗೆಳೆದು ಒಂದು ತುದಿಯನ್ನು ಪಂಪಿಗೆ, ಇನ್ನೊಂದನ್ನು ವಾಲ್ವಿಗೆ ತಿರುಗಿಸಿ ಕೂರಿಸಬೇಕು. ಕೊಟ್ಟದ್ದು 2,600 ರೂಪಾಯಿ. ಮೊದಲ ಸಲ ಒತ್ತಿದಾಗಲೇ ಮನಸ್ಸಿಗೆ ಸಮಾಧಾನವಾಯಿತು, ಯಾಕೆಂದರೆ ಕೈ ಎಷ್ಟೇ ಓಲಾಡಲಿ, ಓಲಾಟವನ್ನು ಕೊಳವೆ ನುಂಗುತ್ತದೆ, ವಾಲ್ವಿಗೆ ಮುಟ್ಟಿಸುವುದಿಲ್ಲ. ಪಂಪನ್ನು ತೊಡೆಗೆ ಆನಿಸಬಹುದು, ಹೊಟ್ಟೆಗೆ ಆನಿಸಬಹುದು, ರಸ್ತೆ ಬದಿಯ ಮೈಲಿಗಲ್ಲಿಗೂ ಆನಿಸಬಹುದು. ಹುಡುಗನಿಗೆ 75 ಪಿಎಸ್‌ಐಗೆ 225 ಒತ್ತು, ನನಗೆ 250. ಪಂಪು ಒಂದೇ ಆದರೂ ವ್ಯತ್ಯಾಸ ಯಾಕೆ ಎಂದು ತಲೆ ಕೆರೆದುಕೊಂಡೆವು. ಅವನು ಮೊಬೈಲಿನಲ್ಲಿ ನನ್ನ ವಿಡಿಯೊ ತೆಗೆದು ತೋರಿಸಿದ: 150 ದಾಟಿದ ಮೇಲೆ ನಾನು ಪಿಸ್ಟನ್ನನ್ನು ತುದಿಯವರೆಗೆ ಎಳೆಯುತ್ತಲೂ ಇಲ್ಲ, ಬುಡದವರೆಗೆ ತಳ್ಳುತ್ತಲೂ ಇಲ್ಲ. ಬುಡದ ಕೊನೆಯ ಎರಡು ಬೆರಳಿನ ಜಾಗದಲ್ಲೇ ಗಾಳಿ ಟೈರಿನೊಳಗೆ ನುಗ್ಗುವುದು. ಅಲ್ಲಿಯವರೆಗೆ ತಳ್ಳದಿದ್ದರೆ ಅದೇ ಗಾಳಿಯನ್ನು ಪಂಪಿನೊಳಗೇ ಹಿಂಡಿ ಹಿಂಡಿ ಬಿಟ್ಟಂತೆ. ನಿಧಾನವಾಗಿ, ಪೂರ್ತಿ ಒತ್ತುವುದು ಕಲಿತ ಮೇಲೆ ನನ್ನ ಎಣಿಕೆ 235ಕ್ಕೆ ಇಳಿಯಿತು.

ಇದರ ತಕರಾರು ಬೇರೆ ಥರದ್ದು. ವಾಲ್ವಿಗೆ ತಿರುಗಿಸಿ ಕೂರಿಸುವ ಮೂತಿ ಗಾಳಿ ಸೋರಗೊಡುವುದಿಲ್ಲ, ಸರಿ. ಆದರೆ ಬಿಚ್ಚುವಾಗ ಕೆಲವೊಮ್ಮೆ ವಾಲ್ವಿನ ಒಳಗಿನ ತಿರುಳನ್ನೇ ಹಿಡಿದು ತಿರುಗಿಸಿಬಿಡುತ್ತದೆ. ನಾಲ್ಕು ನಿಮಿಷ ಬೆವರು ಸುರಿಸಿ ತುಂಬಿದ ಗಾಳಿ ಒಂದೇ ಉಸಿರಿಗೆ ಬುಸ್ ಎಂದು ಹೋಗುತ್ತದೆ. ದಿವೇ ಘಾಟಿನ ತಲೆಯ ಮೇಲೆ ನನಗೆ ಹೀಗಾದಾಗ ಬಾಯಿಂದ ಬಂದ ಧಾರವಾಡದ ಮಾತನ್ನು ಇಲ್ಲಿ ಬರೆಯಲಾಗದು. ಪರಿಹಾರ ಸುಲಭ. ಮನೆಯಲ್ಲೇ ವಾಲ್ವಿನ ತಿರುಳನ್ನು ಚಿಕ್ಕ ಚಾವಿಯಿಂದ ಬಿಗಿ ಮಾಡಿಟ್ಟುಕೊಳ್ಳಬೇಕು, ಇಲ್ಲವೇ ತಿರುಳು ಬಿಚ್ಚಲು ಬಾರದ ಟ್ಯೂಬು ಕೊಳ್ಳಬೇಕು. ಕೆಲವು ಪಂಪುಗಳ ಕೊಳವೆಯಲ್ಲಿ ಒತ್ತಿದರೆ ಒಳಗಿನ ಗಾಳಿ ಹೊರಹೋಗುವ ಪುಟ್ಟ ಗುಂಡಿಯಿರುತ್ತದೆ. ಕೊಳ್ಳುವಾಗ ಅದಿದೆಯೇ ಎಂದು ನೋಡಿ. ಬಿಚ್ಚುವ ಮೊದಲು ಅದನ್ನು ಒತ್ತಿದರೆ ಈ ಕಾಟ ಬಹುಪಾಲು ತಪ್ಪುತ್ತದೆ.

ಇನ್ನು ನನ್ನ ಮೆಚ್ಚಿನದು. ನೋಡುವುದಕ್ಕೆ ಕೊಳವೆಯ ಪಂಪಿನ ಅಣ್ಣನಂತಿದೆ; 35 ಸೆಂಟಿಮೀಟರ್, 210 ಗ್ರಾಂ, ಬುಡದಲ್ಲಿ ಮಡಚುವ ಒಂದು ಕಾಲು. ಆ ಕಾಲನ್ನು ಬಿಚ್ಚಿ ನೆಲಕ್ಕೂರಿ, ಅದರ ಮೇಲೆ ಪಾದ ಇಟ್ಟು, ಹಿಡಿಕೆಯನ್ನು ಅಡ್ಡ ತಿರುಗಿಸಿದರೆ ಮನೆಯಲ್ಲಿ ಇಟ್ಟುಕೊಳ್ಳುವ ನಿಲುವು ಪಂಪಿನ ಮರಿ ಸಿದ್ಧ. ಒತ್ತುವುದು ತೋಳಲ್ಲ, ಮೈ. ಮೊಣಕೈ ನೆಟ್ಟಗಿಟ್ಟು ಬಾಗಿದರೆ ಸಾಕು, 54 ಕಿಲೋದಲ್ಲಿ 20 ಕಿಲೋ ತಾನಾಗಿಯೇ ಕೆಳಗಿಳಿಯುತ್ತದೆ. 85 ಒತ್ತಿಗೆ 75 ಪಿಎಸ್‌ಐ. ಹುಡುಗನಿಗೂ 85, ನನಗೂ 85! ಲೆಕ್ಕದ ಪುಸ್ತಕದಲ್ಲಿ ನಮ್ಮಿಬ್ಬರ ಅಂಕಿ ಕೂಡಿದ್ದು ಇದೊಂದು ಸಾಲಿನಲ್ಲಿ ಮಾತ್ರ. ಎರಡು ನಿಮಿಷವೂ ಆಗಲಿಲ್ಲ. ಅವನಿಗೆ ಇದರಲ್ಲೇನೂ ವಿಶೇಷ ಕಾಣಲಿಲ್ಲ, ‘ಉದ್ದ ಜಾಸ್ತಿ, ಸೈಕಲ್ ಮೇಲೆ ಚೆನ್ನಾಗಿ ಕಾಣುವುದಿಲ್ಲ’ ಎಂದ. ಚೆನ್ನಾಗಿ ಕಾಣುವುದಿಲ್ಲ ಎಂಬುದು ನಿಜ. ನೀರಿನ ಬಾಟಲಿಯ ಪಕ್ಕದಲ್ಲಿ ಕಟ್ಟಿದರೆ ಸೈಕಲ್ಲು ಒಲೆ ಊದುವ ಕೊಳವೆ ಕಟ್ಟಿಕೊಂಡ ಹಾಗೆ ಕಾಣುತ್ತದೆ. ನನಗೆ ಮಾತ್ರ ಅಪ್ಪನ ಸೈಕಲ್ಲು ನೆನಪಾಯಿತು. ಅದರ ಚೌಕಟ್ಟಿಗೂ ಎರಡು ಕೊಂಡಿಗಳ ನಡುವೆ ಉದ್ದನೆಯ ಕಪ್ಪು ಪಂಪು ಸಿಕ್ಕಿಸಿರುತ್ತಿತ್ತು. ಧಾರವಾಡದ ಮಾಳಮಡ್ಡಿಯಲ್ಲಿ ಅದನ್ನು ಕದಿಯುವ ಹುಡುಗರೂ ಇದ್ದರು, ಹಾಗಾಗಿ ಅಪ್ಪ ಅಂಗಡಿಗೆ ಹೋದರೆ ಪಂಪು ಕೈಯಲ್ಲಿ ಹಿಡಿದುಕೊಂಡೇ ಹೋಗುತ್ತಿದ್ದರು.

ಇದರ ಕೊಳವೆಯಲ್ಲಿ ಒಂದು ಪುಟ್ಟ ಮಾಪಕವೂ ಇದೆ, ಆದರೆ ಅದರ ಮೇಲೆ ಭರವಸೆ ಇಡಬೇಡಿ. ನನ್ನ ಡಿಜಿಟಲ್ ಮಾಪಕ 75 ತೋರಿಸಿದಾಗ ಇದು ಎಂಬತ್ತರ ಆಚೆ ಎಲ್ಲೋ ನಿಂತಿತ್ತು. ಇನ್ನೊಂದು ತೊಂದರೆ ಮಳೆಗಾಲದ್ದು. ಚೌಕಟ್ಟಿನ ಕೆಳಭಾಗದಲ್ಲಿ ಕಟ್ಟಿದ ಪಂಪಿಗೆ ಮುಂದಿನ ಚಕ್ರ ಎರಚುವ ಕೆಸರೆಲ್ಲ ಅಭಿಷೇಕ. ತಾಮ್ಹಿಣಿ ಘಾಟಿಗೆ ಹೋಗಿ ಬಂದ ಮರುದಿನ ಪಿಸ್ಟನ್ನು ಮರಳು ಅರೆದ ಸದ್ದು ಮಾಡಿತು. ಈಗ ಜೂನ್ ಬಂತೆಂದರೆ ಮೂತಿಗೂ ಹಿಡಿಕೆಗೂ ಹಳೆಯ ಟ್ಯೂಬಿನ ತುಂಡನ್ನು ಟೊಪ್ಪಿಗೆಯಂತೆ ತೊಡಿಸುತ್ತೇನೆ. ವಾಷರಿಗೆ ಸಿಲಿಕೋನ್ ಗ್ರೀಸ್ ಸವರಬೇಕು. ಅದು ಮನೆಯಲ್ಲಿಲ್ಲವೆಂದು ನಾನು ಒಮ್ಮೆ ಕೊಬ್ಬರಿ ಎಣ್ಣೆ ಹಚ್ಚಿದ್ದೆ. ಅಕ್ಟೋಬರಿನಲ್ಲಿ ಸೊಗಸಾಗಿ ಜಾರುತ್ತಿತ್ತು. ಡಿಸೆಂಬರಿನ ಬೆಳಿಗ್ಗೆ ಪುಣೆಯಲ್ಲಿ ಹನ್ನೊಂದು, ಹನ್ನೆರಡು ಡಿಗ್ರಿ. ಬಚ್ಚಲುಮನೆಯ ಬಾಟಲಿಯಲ್ಲಿ ಎಣ್ಣೆ ಹೆಪ್ಪುಗಟ್ಟಿದ ಹಾಗೆಯೇ ಪಂಪಿನೊಳಗೂ ಹೆಪ್ಪುಗಟ್ಟಿತ್ತು. ಪಂಪನ್ನು ಕಂಕುಳಲ್ಲಿ ಇಟ್ಟುಕೊಂಡು ಕಾಯಿಸಿದೆ.

ಐದನೆಯದನ್ನು ಪಂಪು ಎನ್ನುವುದೇ ತಪ್ಪು. 16 ಗ್ರಾಂ ಇಂಗಾಲದ ಡೈಆಕ್ಸೈಡ್ ತುಂಬಿದ, ಹೆಬ್ಬೆರಳಿನ ಗಾತ್ರದ ಉಕ್ಕಿನ ಸಿಲಿಂಡರು ಮತ್ತು ಅದನ್ನು ಚುಚ್ಚಿ ವಾಲ್ವಿಗೆ ಕೂರಿಸುವ ಒಂದು ಮೂತಿ. ಸೋಡಾ ಮಾಡುವ ಗ್ಯಾಸೇ ಇದು. ತೂಕ ಹಗುರ, ಕೆಲಸ ಕ್ಷಣಾರ್ಧ: ಬುಸ್, ಮುಗಿಯಿತು. ನಮ್ಮ ಗುಂಪಿನಲ್ಲಿ ಪಂದ್ಯಕ್ಕೆ ಹೋಗುವ ಇಬ್ಬರು ಬೇರೆ ಯಾವುದನ್ನೂ ಮುಟ್ಟುವುದಿಲ್ಲ. ತೋಳಿನ ಬಲಕ್ಕೆ ಇಲ್ಲಿ ಬೆಲೆಯೇ ಇಲ್ಲ, ಹಾಗಾಗಿ ನನಗೆ ಇದೇ ಸರಿಯಾದದ್ದು ಎಂದು ಹುಡುಗ ವಾದಿಸಿದ. ನಾನೂ ಒಪ್ಪಿದ್ದೆ, ಬೋಪದೇವ್ ಘಾಟ್ ಹತ್ತುವವರೆಗೆ.

ಕೊಂಡ್ವಾ ಕಡೆಯಿಂದ ಬೋಪದೇವ್ ಹತ್ತಿ ಇಳಿದರೆ ಸಾಸವಡ. ಆ ಕಡೆ ಕರಿಜಾಲಿ ಹೇರಳ. ಕೊಯ್ದ ಜಾಲಿಯ ಟೊಂಗೆಗಳನ್ನು ಹೊಲದ ಬೇಲಿಗೆ ಎಳೆದುಕೊಂಡು ಹೋದ ಗಾಡಿಯ ಹಿಂದೆ ಮುಳ್ಳು ಉದುರಿರುತ್ತದೆ. ಹುಡುಗನ ಮುಂದಿನ ಚಕ್ರಕ್ಕೆ ಒಂದು ಮುಳ್ಳು ಹೊಕ್ಕಿತು. ಕಿತ್ತೆವು, ಟ್ಯೂಬು ಬದಲಿಸಿದೆವು. ಮೂತಿಯನ್ನು ಪೂರ್ತಿ ತಿರುಗಿಸುವ ಮೊದಲೇ ಅವನು ಸಿಲಿಂಡರನ್ನು ಚುಚ್ಚಿದ. ಗ್ಯಾಸಿನ ಅರ್ಧ ಭಾಗ ಸಾಸವಡದ ಗಾಳಿಗೆ ಸೇರಿತು, ಬೆರಳ ತುದಿಗಳು ಬಿಳಿಚಿದವು. ಹಿಗ್ಗಿದ ಗ್ಯಾಸು ಲೋಹವನ್ನು ಮಂಜುಗಡ್ಡೆಯಷ್ಟು ತಣ್ಣಗೆ ಮಾಡುತ್ತದೆ, ಅದಕ್ಕೇ ಸಿಲಿಂಡರಿಗೆ ರಬ್ಬರಿನ ಅಂಗಿ ಕೊಡುವುದು. ಅವನು ಅದನ್ನು ಮನೆಯಲ್ಲಿ ಬಿಟ್ಟಿದ್ದ. ಎರಡನೆಯ ಸಿಲಿಂಡರು ಸರಿಯಾಗಿ ಹಾಕಿದ. ಐನೂರು ಮೀಟರಿನಲ್ಲಿ ಮತ್ತೆ ಗಾಳಿ ಇಳಿಯಿತು. ಮುಳ್ಳಿನ ಮುರಿದ ತುದಿ ಟೈರಿನೊಳಗೇ ಉಳಿದಿತ್ತು.

ಕೈಪಂಪು ಇದ್ದವರಿಗೆ ಇದು ಬರೀ ಬೇಸರ. ಗ್ಯಾಸನ್ನೇ ನಂಬಿದವರಿಗೆ ಅಲ್ಲಿಗೆ ಸವಾರಿ ಮುಗಿದಂತೆ. ಪಂಪಿನಲ್ಲಿ ಸ್ವಲ್ಪ ಗಾಳಿ ತುಂಬಿ, ಟ್ಯೂಬಿಗೆ ಕಿವಿಯಿಟ್ಟು ತೂತು ಹುಡುಕಬಹುದು, ತೇಪೆ ಹಾಕಬಹುದು, ಮತ್ತೆ ತುಂಬಬಹುದು. ಸಿಲಿಂಡರಿಗೆ ಎರಡನೆಯ ಉಸಿರಿಲ್ಲ. ಇನ್ನೊಂದು ಸಂಗತಿಯನ್ನು ಗುಂಪಿನ ಹಿರಿಯರು ಹೇಳಿದ್ದರು, ಮರುದಿನ ಕಣ್ಣಾರೆ ಕಂಡೆ: ಈ ಗ್ಯಾಸು ಟ್ಯೂಬಿನ ಬ್ಯುಟೈಲ್ ರಬ್ಬರಿನೊಳಗೆ ಕರಗಿ ಸಾಮಾನ್ಯ ಗಾಳಿಗಿಂತ ಬಹಳ ಬೇಗ ಸೋರಿಹೋಗುತ್ತದೆ. ರಾತ್ರಿ ಗಟ್ಟಿಯಿದ್ದ ಟೈರು ಬೆಳಿಗ್ಗೆ ಮೆತ್ತಗೆ. ಮನೆಗೆ ಬಂದ ಕೂಡಲೇ ಗ್ಯಾಸನ್ನು ಬಿಟ್ಟು ಪಂಪಿನಿಂದ ಗಾಳಿ ತುಂಬಬೇಕು. 25 ಮಿಲಿಮೀಟರಿನ ಟೈರಿಗೆ 16 ಗ್ರಾಮನ್ನೂ ಪೂರ್ತಿ ಬಿಟ್ಟರೆ 100 ಪಿಎಸ್‌ಐ ದಾಟುತ್ತದೆ, ಆದ್ದರಿಂದ ಹರಿವನ್ನು ತಡೆಯುವ ತಿರುಪು ಇರುವ ಮೂತಿಯೇ ಬೇಕು. ಟೈರಿನ ಅಂಚನ್ನು ಹಿಡಿಯುವ ಕೊಕ್ಕೆಯಿಲ್ಲದ ಹೊಸ ಬಗೆಯ ರಿಮ್ಮು ಇದ್ದವರಂತೂ ಎಚ್ಚರವಾಗಿರಬೇಕು. ಅವುಗಳ ಮಿತಿಯೇ 5 ಬಾರ್, ಅಂದರೆ 72.5 ಪಿಎಸ್‌ಐ. ನನ್ನ ಲೆಕ್ಕದಲ್ಲಿ ಒಂದು ಪಂಕ್ಚರಿಗೆ 250 ರೂಪಾಯಿಯ ಸಿಲಿಂಡರು. ಪುಣೆಯ ರಸ್ತೆಗಳಿಗೆ ಇದು ಶ್ರೀಮಂತರ ಚಟ.

ಕೊನೆಗೆ ಬ್ಯಾಟರಿ ಪಂಪು. ಎರಡು ಬೆಂಕಿಪೊಟ್ಟಣ ಜೋಡಿಸಿದಷ್ಟು ಗಾತ್ರ, ಗುಂಡಿ ಒತ್ತಿದರೆ ಕೆಲಸ. ಬೆಲೆ 5,500. ನನ್ನ ಟೈರಿಗೆ 80 ಸೆಕೆಂಡಿನಲ್ಲಿ 75 ಪಿಎಸ್‌ಐ. ಬಾಲ್ಕನಿಯ ಪರೀಕ್ಷೆಯಲ್ಲಿ ಇದೇ ಪ್ರಥಮ, ಅನುಮಾನವಿಲ್ಲ. ಒಮ್ಮೆ ಚಾರ್ಜ್ ಮಾಡಿದರೆ ಎರಡು ಟೈರು ಧಾರಾಳವಾಗಿ ತುಂಬಿತು, ಮೂರನೆಯದಕ್ಕೆ ಉಬ್ಬಸ ಬಂತು.

ಸದ್ದು ಮಾತ್ರ ಮಿಕ್ಸಿಯ ಸದ್ದು. ಪೌಡ್ ರಸ್ತೆಯ ಭೂಗಾಂವಿನಲ್ಲಿ ಬೆಳಗಿನ ಐದೂವರೆಗೆ ಇದನ್ನು ಹಚ್ಚಿದೆ. ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಮಲಗಿದ್ದ ನಾಯಿ ಎದ್ದಿತು, ಅದು ಇನ್ನೊಂದನ್ನು ಎಬ್ಬಿಸಿತು, ನಿಮಿಷದೊಳಗೆ ಏಳು ನಾಯಿಗಳ ಸಭೆ. ನಾನು ಒಂದು ಕೈಯಲ್ಲಿ ಪಂಪು, ಇನ್ನೊಂದರಲ್ಲಿ ಬಿಚ್ಚಿದ ಚಕ್ರ ಹಿಡಿದು ನಿಂತಿದ್ದೆ. ಎಂಬತ್ತು ಸೆಕೆಂಡು ಎಷ್ಟು ಉದ್ದ ಎಂದು ಅಲ್ಲಿ ಗೊತ್ತಾಯಿತು.

ಎರಡು ತಿಂಗಳ ನಂತರ ಪೌಡ್ ದಾಟಿದ ಮೇಲೆ ಮತ್ತೆ ಪಂಕ್ಚರ್. ಗುಂಡಿ ಒತ್ತಿದೆ, ಪಂಪು 38 ಪಿಎಸ್‌ಐವರೆಗೆ ಬಂದು ಕಣ್ಣು ಮುಚ್ಚಿತು. ಎರಡು ತಿಂಗಳು ಅದನ್ನು ಚೀಲದಿಂದ ಹೊರಗೇ ತೆಗೆದಿರಲಿಲ್ಲ, ಬ್ಯಾಟರಿ ತಾನಾಗಿಯೇ ಇಳಿದಿತ್ತು. ತಪ್ಪು ನನ್ನದೇ. ಆದರೆ ಮೊಬೈಲು, ಮುಂದಿನ ದೀಪ, ಹಿಂದಿನ ದೀಪ, ಕೈಗಡಿಯಾರ ಎಲ್ಲಕ್ಕೂ ಉಣಿಸುವ ಮನೆಯಲ್ಲಿ ವರ್ಷಕ್ಕೆ ನಾಲ್ಕು ಸಲ ಬೇಕಾಗುವ ಇನ್ನೊಂದು ಬಾಯಿಯನ್ನು ನೆನಪಿಟ್ಟುಕೊಳ್ಳುವುದು ಕಷ್ಟ. ಮೂತಿ ಬಹಳ ಬಿಸಿಯಾಗುತ್ತದೆ ಎಂಬುದನ್ನೂ ಹೇಳಬೇಕು. ರಬ್ಬರಿನ ಟ್ಯೂಬಿಗೆ ಏನೂ ಆಗುವುದಿಲ್ಲ. ಈಚೆಗೆ ಬಂದಿರುವ, ಪ್ಲಾಸ್ಟಿಕ್ ವಾಲ್ವಿನ ಹಗುರ ಟಿಪಿಯು ಟ್ಯೂಬು ಬಳಸುವವರು ಮಾತ್ರ ಬ್ಯಾಟರಿ ಪಂಪಿನ ಮೂತಿಯನ್ನು ನೇರವಾಗಿ ಕೂರಿಸದೆ ನಡುವೆ ಕೊಳವೆ ಹಾಕಿಕೊಳ್ಳಿ. ಬಿಸಿಗೆ ವಾಲ್ವು ಮೆತ್ತಗಾಗುತ್ತದೆ.

ಬೈದೆನಾದರೂ ಬ್ಯಾಟರಿ ಪಂಪನ್ನು ಮನೆಯಿಂದ ಹೊರಗೆ ಹಾಕಿಲ್ಲ. ಮಣಿಕಟ್ಟು ನೋವಿರುವ, ಅರುವತ್ತು ದಾಟಿದ ಸವಾರರೊಬ್ಬರು ನಮ್ಮ ಗುಂಪಿನಲ್ಲಿದ್ದಾರೆ, ಕಾರ್ಕಳದ ಕಡೆಯವರು. ಅವರ ಪಾಲಿಗೆ ಇದೊಂದೇ ದಾರಿ, ಅವರು ಶನಿವಾರ ರಾತ್ರಿ ದೇವರ ದೀಪ ಹಚ್ಚಿದಷ್ಟೇ ನೇಮದಿಂದ ಅದನ್ನು ಚಾರ್ಜಿಗೆ ಹಾಕುತ್ತಾರೆ. ಅಂಥ ನೇಮ ನಿಮಗಿದ್ದರೆ ಮೇಲಿನ ಐದನ್ನೂ ಮರೆತುಬಿಡಿ.

ಟ್ಯೂಬ್‌ಲೆಸ್ ಟೈರಿನವರಿಗೆ ಒಂದು ಮಾತು: ರಿಮ್ಮಿನಿಂದ ಪೂರ್ತಿ ಕಳಚಿದ ಟೈರನ್ನು ಮತ್ತೆ ಕೂರಿಸುವುದು ಈ ಕೈಪಂಪುಗಳಲ್ಲಿ ನನ್ನಿಂದಂತೂ ಆಗಲಿಲ್ಲ. ಅಲ್ಲಿ ಒಮ್ಮೆಲೇ ನುಗ್ಗುವ ಗ್ಯಾಸಿಗೆ ಅರ್ಥವಿದೆ, ಆದರೆ ತೂತು ಮುಚ್ಚಲು ಟೈರಿನೊಳಗೆ ಹಾಕುವ ಕೆಲವು ಸೀಲೆಂಟು ದ್ರವಗಳಿಗೆ ಅದು ಒಗ್ಗುವುದಿಲ್ಲ, ಬಾಟಲಿಯ ಮೇಲಿನ ಸೂಚನೆ ಓದಿಕೊಳ್ಳಿ.

ಯಾವ ಪಂಪು ಕೊಂಡರೂ ಜೊತೆಗೆ ಹಿತ್ತಾಳೆಯ ಒಂದು ಅಡಾಪ್ಟರು ಚೀಲದಲ್ಲಿರಲಿ. ಪ್ರೆಸ್ಟಾ ವಾಲ್ವಿನ ಮೇಲೆ ಅದನ್ನು ತಿರುಗಿಸಿದರೆ ಮೋಟಾರು ಗಾಡಿಯ ವಾಲ್ವಿನ ಹಾಗಾಗುತ್ತದೆ. ಹೆದ್ದಾರಿಯ ಯಾವುದೇ ಪಂಕ್ಚರ್ ಅಂಗಡಿಯಲ್ಲಿ ಹವಾ ಹಾಕಿಸಬಹುದು. ಗುಂಡಿಗಳ ರಸ್ತೆಗಿಂತ ಹೆದ್ದಾರಿಯೇ ಟ್ಯೂಬಿಗೆ ಹೆಚ್ಚು ಅಪಾಯ ಎಂಬುದು ನನ್ನ ಅನುಭವ. ಖೇಡ್ ಶಿವಾಪುರದ ಕಡೆ ರಾಷ್ಟ್ರೀಯ ಹೆದ್ದಾರಿ 48ರ ಅಂಚಿನಲ್ಲಿ ಸಿಡಿದ ಲಾರಿ ಟೈರುಗಳ ಚಿಂದಿ ಬಿದ್ದಿರುತ್ತದೆ, ಅದರೊಳಗಿನ ಕೂದಲೆಳೆಯಂಥ ಉಕ್ಕಿನ ತಂತಿ ಕಣ್ಣಿಗೆ ಕಾಣದೆ ಟೈರಿಗೆ ಹೊಗುತ್ತದೆ. ಇದೇ ರಸ್ತೆ ಹಿಡಿದು 400 ಕಿಲೋಮೀಟರಿಗೂ ಹೆಚ್ಚು ಹೋದರೆ ಧಾರವಾಡ. ಯಾವತ್ತೋ ಒಂದು ದಿನ ಹೋಗುವ ಮಾತು ನಮ್ಮಿಬ್ಬರ ನಡುವೆ ಇದೆ. ಹೆದ್ದಾರಿಯ ಪಂಕ್ಚರ್ ಅಂಗಡಿಯವರ ಕಂಪ್ರೆಸರಿನ ಮುಂದೆ ಅಡಾಪ್ಟರು ಹಾಕಿ ನಿಂತಾಗ ಒಂದೇ ಎಚ್ಚರಿಕೆ ಬೇಕು. ಅವರು ಲಾರಿಯ ಕೈಯಲ್ಲಿ ಹವಾ ಬಿಡುತ್ತಾರೆ, ನಮ್ಮ ಒಂದು ಲೀಟರಿನ ಟ್ಯೂಬು ಕಣ್ಣು ಮಿಟುಕಿಸುವುದರೊಳಗೆ ತುಂಬುತ್ತದೆ. ‘ಥೋಡೀ ಥೋಡೀ, ದಾದಾ’ (ಸ್ವಲ್ಪ ಸ್ವಲ್ಪ, ಅಣ್ಣಾ) ಎನ್ನುತ್ತಲೇ ಇರಬೇಕು.

ಈಗ ನನ್ನ ಸೈಕಲ್ಲಿನಲ್ಲಿ ಕಾಲಿರುವ ಪಂಪು, ಹುಡುಗನದರಲ್ಲಿ ಕೊಳವೆಯದು. ಬಿಳಿ ಟೇಪಿನ ತುಂಡು ಅಂಟಿಸಿ ನನ್ನದರ ಮೇಲೆ ‘85’ ಎಂದು, ಅವನದರ ಮೇಲೆ ‘ಅವನು 225, ಮಾವಶಿ 235’ ಎಂದು ಬರೆದಿದ್ದೇವೆ. ರಸ್ತೆ ಬದಿಯಲ್ಲಿ ಮಾಪಕಕ್ಕಿಂತ ಎಣಿಕೆ ಹೆಚ್ಚು ನಂಬಿಕೆಯದು. ಬೆರಳುದ್ದದ ಪಂಪು, ಎರಡನೆಯ ಟ್ಯೂಬಿನಂತೆ, ಆಪತ್ತಿಗಿರಲಿ ಎಂದು ಅವನ ಸೀಟಿನ ಕೆಳಗಿನ ಚೀಲದಲ್ಲಿದೆ. ಬ್ಯಾಟರಿಯದು ಬಾಲ್ಕನಿಯಲ್ಲಿ, ವಾರಕ್ಕೊಮ್ಮೆ ನಾಲ್ಕೂ ಟೈರುಗಳಿಗೆ.

ದಪ್ಪ ಪಂಪು ಉಳಿದಿತ್ತು. ನಮ್ಮ ಸೊಸೈಟಿಯ ವಾಚ್‌ಮನ್ ಕಲಬುರಗಿ ಜಿಲ್ಲೆಯವರು, ವಾರ್ಜೆಯಿಂದ ದಿನಾ ಹಳೆಯ ಕರಿಯ ಸೈಕಲ್ಲಿನಲ್ಲಿ ಬರುತ್ತಾರೆ. ವಾಲ್‌ಟ್ಯೂಬಿನ ವಾಲ್ವಿಗೆ ಪ್ರೆಸ್ಟಾದ ಮೂತಿ ಕೂರುತ್ತದೆ ಎಂದು ಗೊತ್ತಿತ್ತು, ಹಚ್ಚಿ ಕೊಟ್ಟೆ. ಆ ಅಗಲ ಟೈರಿಗೆ 40 ಪಿಎಸ್‌ಐ ಸಾಕು. ಅವರು ಗೇಟಿನ ಬಳಿ ಕುಳಿತು, ಬೀಡಿ ಬಾಯಲ್ಲಿಟ್ಟುಕೊಂಡೇ, ನಾಲ್ಕೆಂಟು ಮಾತಾಡುತ್ತಾ ಟೈರು ತುಂಬಿ ಮುಗಿಸಿದರು. ಆಮೇಲೆ ಪಂಪನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದರು: ‘ಇಷ್ಟು ಹಗುರವಾಗಿ ಹೋಗುವ ಪಂಪು ಅಕ್ಕಾ, ಇದನ್ನು ಯಾಕೆ ಕೊಟ್ಟುಬಿಟ್ಟಿರಿ?’